ಮಗುವಿನ ಉಬ್ಬಸವೂ ನಾಲ್ಕನೆಯ ಘಾತವೂ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಕಟಾವಿನ ದಿನಗಳಲ್ಲಿ ರಾಶಿಯ ಧೂಳು, ಗಿರಣಿಗಳ ಹೊಟ್ಟು, ಹುಲ್ಲಿನ ಬೂಷ್ಟಿನ ಕಣಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ಬಹುಮಂದಿ ಸೀನಿ ಸುಮ್ಮನಾಗುವರು. ಕೆಲವು ಮಕ್ಕಳಿಗಾದರೋ ಇರುಳೆಲ್ಲ ಕೆಮ್ಮು, ಎದೆಯಲ್ಲಿ ಸುಯ್ಯೆಂಬ ಸದ್ದು. ನಮ್ಮ ಸೀಮೆಯಲ್ಲಿ ಇದನ್ನು ದಮ್ಮು ಎನ್ನುವುದು ರೂಢಿ. ವೈದ್ಯರು ಅಸ್ತಮಾ ಎನ್ನುತ್ತಾರೆ.

ನಮ್ಮ ವಿದ್ಯಾರ್ಥಿಯೊಬ್ಬನ ತಮ್ಮ, ಏಳು ವರ್ಷದ ಬಾಲಕ, ಎರಡು ಸುಗ್ಗಿಗಳನ್ನು ಹೀಗೆಯೇ ಕಳೆದನು. ಪ್ರತಿ ಸಲವೂ ಕೆಮ್ಮಿನ ಔಷಧ, “ಬೆಳೆದಂತೆ ಹೋಗುತ್ತದೆ” ಎಂಬ ಸಮಾಧಾನ. ಎಷ್ಟೋ ಮಕ್ಕಳಲ್ಲಿ ಅದು ಕಡಿಮೆಯಾಗುವುದೂ ಉಂಟು. ಆದರೆ ಚಿಕಿತ್ಸೆಯಿಲ್ಲದೆ ಕಾಯುವುದು ಏಕೆ ಅಪಾಯವೆಂಬುದನ್ನು ಭೌತಶಾಸ್ತ್ರದಿಂದಲೇ ತಿಳಿಯೋಣ.

ನಳಿಕೆಯಲ್ಲಿ ಶಾಂತವಾಗಿ ಹರಿಯುವ ದ್ರವಕ್ಕೆ ಒದಗುವ ತಡೆಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಪ್ವಾಸೇಯ್ ಎಂಬ ಫ್ರೆಂಚ್ ವೈದ್ಯನು 1840ರ ದಶಕದಲ್ಲಿ ಪ್ರಯೋಗಗಳಿಂದ ಕಂಡ ನಿಯಮವಿದು. ಅಲರ್ಜಿಯ ಕಣ ತಾಗಿದಾಗ ಶ್ವಾಸನಾಳದ ಒಳಪೊರೆ ಊದುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಲೋಳೆ ತುಂಬುತ್ತದೆ. ಸುತ್ತಲೂ 1 ಮಿಲಿಮೀಟರ್ ಊದಿತೆಂದು ಭಾವಿಸೋಣ. 8 ಮಿ.ಮೀ. ವ್ಯಾಸದ ನಾಳ 6 ಆಗುವುದು. ತಡೆ ಸುಮಾರು 3 ಪಟ್ಟು ಹೆಚ್ಚುವುದು. ಅಷ್ಟೇ ಊತದಿಂದ ಮಗುವಿನ 4 ಮಿ.ಮೀ. ನಾಳ 2 ಆದರೆ ತಡೆ 16 ಪಟ್ಟಾಗುವುದು! (ಉಸಿರು ರಭಸದಿಂದ ಸುಳಿಯತೊಡಗಿದರೆ ಈ ಲೆಕ್ಕವೂ ಸಾಲದು.) ಹಿರಿಯರು ತಾಳಿಕೊಳ್ಳುವ ಊತವನ್ನು ಮಗು ತಾಳಲಾರದು.

ಆದುದರಿಂದ ಮಕ್ಕಳ ತಜ್ಞರು ಕಿವಿಯನ್ನಷ್ಟೇ ನಂಬದೆ ಅಳೆಯುತ್ತಾರೆ. ಸುಮಾರು ಆರು ವರ್ಷ ದಾಟಿದ ಮಗು ಸ್ಪೈರೋಮೀಟರಿನೊಳಕ್ಕೆ ಬಲವಾಗಿ ಊದಬಲ್ಲುದು. ನಾಳ ಹಿಗ್ಗಿಸುವ ಔಷಧ ಕೊಟ್ಟು, ಕಾಲು ಗಂಟೆಯ ಬಳಿಕ ಮತ್ತೆ ಊದಿಸುತ್ತಾರೆ. ಯಾವ ಕಣ ಒಗ್ಗದೆಂದು ತಿಳಿಯಲು ಚರ್ಮದ ಪರೀಕ್ಷೆಯುಂಟು.

ಇನ್‌ಹೇಲರ್ ಚಟವಾಗುವುದೆಂಬ ಭಯ ನಮ್ಮಲ್ಲಿ ಬಹಳ. ಅದು ನಿರಾಧಾರ. ಔಷಧ ನೇರ ನಾಳಕ್ಕೆ ಹೋಗುವುದರಿಂದ ಮಾತ್ರೆಗಿಂತ ಅತ್ಯಲ್ಪ ಪ್ರಮಾಣ ಸಾಕು. 1ರಿಂದ 5 ಮೈಕ್ರೋಮೀಟರಿನ ಹನಿಗಳು ಒಳನಾಳಗಳನ್ನು ಸೇರುತ್ತವೆ. ದೊಡ್ಡವು ಗಂಟಲಿಗೆ ಬಡಿಯುತ್ತವೆ. ನಡುವೆ ಇಡುವ ಸ್ಪೇಸರ್ ಕೊಳವೆಯಲ್ಲಿ ಆ ದೊಡ್ಡ ಹನಿಗಳು ಉಳಿದುಬಿಡುತ್ತವೆ.

ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವೆ ಗುಳಿ ಬಿದ್ದರೆ, ಮಾತು ತುಂಡಾದರೆ, ತುಟಿ ನೀಲಿಗಟ್ಟಿದರೆ ತಜ್ಞರನ್ನು ಹುಡುಕುತ್ತ ದೂರ ಹೋಗಬಾರದು. ಹತ್ತಿರದ ಆಸ್ಪತ್ರೆಗೇ ಒಡನೆ ಧಾವಿಸಬೇಕು.

ಬಾಲಕನನ್ನು ಕೊನೆಗೆ ಮಾನ್ವಿಯ ಮಾರ್ಗವಾಗಿ ರಾಯಚೂರಿಗೆ ಕರೆದೊಯ್ದರು. ಈಗ ಅಣ್ಣನು ದಿನವೂ ಬೆಳಿಗ್ಗೆ ತಮ್ಮನಿಂದ ಪೀಕ್ ಫ್ಲೋ ಮಾಪಕವನ್ನು ಊದಿಸಿ, ಅಂಕಿಯನ್ನು ನಮ್ಮ ಪ್ರಯೋಗಶಾಲೆಯ ಗ್ರಾಫ್ ಕಾಗದದ ಮೇಲೆ ಗುರುತಿಸುತ್ತಿದ್ದಾನೆ.