ಹಳೇ ಕಾರಿಗೆ ಮನೆಯಲ್ಲೇ ಆರೈಕೆ



ಕಳೆದ ಮಳೆಗಾಲದಲ್ಲಿ ನಾವು ಒಂದು ಸಂಘದ ಸಭೆಗೆ ಹೋಗಿದ್ದೆವು. ಸಾಲದ ಅರ್ಜಿಗಳಲ್ಲಿ ಒಂದು, ಕಾರಿನ ಇಂಜಿನ್ ರಿಪೇರಿಗೆ. ಸದಸ್ಯೆಯೊಬ್ಬರು ಹಪ್ಪಳ, ಉಪ್ಪಿನಕಾಯಿಯನ್ನು ಸಂತೆಗೆ ಕೊಂಡುಹೋಗುವ ಮನೆಯ ಹಳೇ ಮಾರುತಿ 800. ರೇಡಿಯೇಟರಿನ ನೀರು ಬತ್ತಿದ್ದನ್ನು ಯಾರೂ ನೋಡಿರಲಿಲ್ಲ. ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಯಿತು. "ಬಾನೆಟ್ ತೆಗೆಯುವುದು ಗಂಡಸರ ಕೆಲಸ ಅಂತ ಸುಮ್ಮನಿದ್ದೆ ಸಿಸ್ಟರ್" ಎಂದರು. ಸಾಲ ಮಂಜೂರಾಯಿತು. ಆದರೆ ಕಂತು ಕಟ್ಟುವುದು ಅವರ ಹಪ್ಪಳದ ದುಡ್ಡಿನಿಂದಲೇ ಅಲ್ಲವೇ?

ಮಾರುತಿ 800 ರಸ್ತೆಗೆ ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಹಾಗಾಗಿ ಈಗ ಓಡುವುದೆಲ್ಲ ವಯಸ್ಸಾದ ಗಾಡಿಗಳೇ. ಮೂರು ಸಿಲಿಂಡರಿನ ಚಿಕ್ಕ ಇಂಜಿನ್. ಬಾನೆಟ್ ಎತ್ತಿದರೆ ಬೇಕಾದದ್ದು ಹೆಚ್ಚಿನದು ಕಣ್ಣಿಗೆ ಕಾಣುತ್ತದೆ.

ಮೊದಲು ನೀರು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿರುವಾಗ ತೆಗೆದರೆ ಕುದಿಯುವ ನೀರು ಚಿಮ್ಮಿ ಮುಖ, ಕೈ ಸುಡುತ್ತದೆ. ನಮ್ಮ ಬಾವಿನೀರು ಕುಡಿಯಲು ಚೆನ್ನ, ರೇಡಿಯೇಟರಿಗೆ ಬೇಡ. ಒಳಗೆ ತುಕ್ಕು, ಕಲ್ಲು ಕಟ್ಟುತ್ತದೆ. ಕೂಲೆಂಟ್ ಹಾಕಿ. ಡಬ್ಬದ ಮೇಲೆ ನೀರು ಬೆರೆಸಲು ಹೇಳಿದ್ದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ವಾರಕ್ಕೊಮ್ಮೆ ನೀರು ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ರಬ್ಬರ್ ಪೈಪು ಬಿರುಕು ಬಿಟ್ಟಿದೆಯೋ, ಕ್ಲಿಪ್ಪು ಸಡಿಲವೋ ನೋಡಿ. ಸಡಿಲವಾದರೆ ಒಂದು ಸ್ಕ್ರೂಡ್ರೈವರ್ ಸಾಕು. ದಾರಿಯಲ್ಲಿ ಉಷ್ಣತೆಯ ಮುಳ್ಳು ಮೇಲೇರಿದರೆ "ಇನ್ನೇನು ಮನೆ ಬಂತು" ಅಂತ ಓಡಿಸಬೇಡಿ. ಆ ಸದಸ್ಯೆಯ ಮನೆಯಲ್ಲಿ ಆದದ್ದು ಅದೇ.

ಇಂಜಿನ್ ಆಯಿಲ್ ನೋಡಲು ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಕಡ್ಡಿ ತೆಗೆದು ಒರೆಸಿ, ಪುನಃ ಹಾಕಿ ತೆಗೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ಎಣ್ಣೆಗೆ ನೀರು ಸೇರಿದೆ. ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನ್ನು ಕರೆಯಿರಿ.

ಸ್ಟಾರ್ಟ್ ಆಗದಿದ್ದರೆ ಕೂಡಲೇ ಹೊಸ ಬ್ಯಾಟರಿ ಬೇಡ. ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿರಬಹುದು. ಮೊದಲು ಮೈನಸ್ ವಯರ್, ಆಮೇಲೆ ಪ್ಲಸ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒರೆಸಿ, ಬಿಗಿಯಾಗಿ ಕಟ್ಟಿ, ಸ್ವಲ್ಪ ವ್ಯಾಸಲಿನ್ ಹಚ್ಚಿ. ಕಟ್ಟುವಾಗ ಮೈನಸ್ ಕೊನೆಗೆ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು, ಹತ್ತಿರ ಬೆಂಕಿಯೂ ಇರಬಾರದು.

ಫ್ಯೂಸ್ ಹೋದರೆ ಅದೇ ಆಂಪಿಯರಿನದ್ದು ಹಾಕಿ. ತಂತಿ ಸುತ್ತಿ ಓಡಿಸಿದರೆ ವಯರಿಂಗೇ ಸುಟ್ಟೀತು.

ಕರಾವಳಿಯ ಉಪ್ಪುಗಾಳಿಗೆ ಬಾಗಿಲಿನ ಅಡಿ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಮಳೆನೀರು ಇಳಿಯಲು ಸಣ್ಣ ತೂತುಗಳಿವೆ. ಮಣ್ಣು ಕಟ್ಟಿದ್ದರೆ ಹಿಡಿಸೂಡಿ ಕಡ್ಡಿಯಿಂದ ಬಿಡಿಸಿ. ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿದು ಮೇಲೆ ಪೇಂಟ್ ಹಚ್ಚಿ. ಅಂದವಾಗಿ ಕಾಣದಿದ್ದರೂ ಪರವಾಗಿಲ್ಲ.

ಆದರೆ ಬ್ರೇಕ್, ಸ್ಟೇರಿಂಗ್, ಪೆಟ್ರೋಲ್ ವಾಸನೆ, ಈ ಮೂರರಲ್ಲಿ ಉಳಿತಾಯ ನೋಡಬೇಡಿ. ಬ್ರೇಕ್ ಆಯಿಲ್ ಇಳಿಯುತ್ತಿದ್ದರೆ ಮೇಲಿಂದ ಸುರಿದು ಸಮಾಧಾನ ಪಡದೆ ಗ್ಯಾರೇಜಿಗೆ ತೋರಿಸಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾರನ್ನೂ ಹೋಗಲು ಬಿಡಬೇಡಿ.

ಸಭೆಯಲ್ಲಿ ಮಾಡಲು: ಕಾರಿರುವ ಸದಸ್ಯೆಯ ಅಂಗಳದಲ್ಲಿ ಬೆಳಿಗ್ಗೆ ಸೇರಿ. ಒಬ್ಬೊಬ್ಬರೂ ಆಯಿಲ್ ಕಡ್ಡಿ ತೆಗೆದು ನೋಡಿ. ಕಳೆದ ವರ್ಷ ರಿಪೇರಿಗೆ ಎಷ್ಟು ಹೋಯಿತು, ಅದರಲ್ಲಿ ಯಾವುದನ್ನು ತಪ್ಪಿಸಬಹುದಿತ್ತು ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯಿರಿ.