ಡೀಸೆಲ್‌ನಲ್ಲಿ ನೀರು: ಪಂಪು ಬಿಚ್ಚುವ ಮುನ್ನ

ಪೀಣ್ಯದಿಂದ ಸರಕು ಹೇರಿಕೊಂಡು ತುಮಕೂರು ರಸ್ತೆಗಿಳಿಯಬೇಕಾದ ಲಾರಿಯು, ಮಳೆಗಾಲದ ಮುಂಜಾನೆಯಲ್ಲಿ ಎಷ್ಟು ಸೆಲ್ಫ್ ಹೊಡೆದರೂ ಬೇಗನೆ ಸ್ಟಾರ್ಟ್ ಆಗದೆ, ಆದ ಮೇಲೂ ಬಿಳಿಯ ಹೊಗೆಯನ್ನುಗುಳುತ್ತ, ಏರು ಬಂದೊಡನೆ ಪಿಕಪ್ ಕಳೆದುಕೊಂಡು ಜಗ್ಗಲಾರಂಭಿಸಿದರೆ, ಮಾಲೀಕನ ಚಿತ್ತವು ಮೊದಲು ಹರಿಯುವುದು ಪಂಪು ಮತ್ತು ನಾಜಲ್‌ಗಳ ಕಡೆಗೆ. ವೆಚ್ಚದಾಯಕವಾದ ಆ ಕಾರ್ಯಕ್ಕೆ ಕೈಯಿಡುವ ಮುನ್ನ ಡೀಸೆಲ್‌ನಲ್ಲಿ ನೀರು ಸೇರಿದೆಯೇ ಎಂಬುದನ್ನು ನಿರ್ಧರಿಸತಕ್ಕದ್ದು. ಅದಕ್ಕೆ ಬೇಕಾದುದು ಒಂದು ಗಾಜಿನ ಸೀಸೆ ಮತ್ತು ಅರ್ಧ ಗಂಟೆಯ ತಾಳ್ಮೆ.

1951ರಲ್ಲಿ ಸ್ಥಾಪಿತವಾದ ಮೈಕೋ ಕಂಪನಿಯ, ಬೆಂಗಳೂರಿನ ಆಡುಗೋಡಿ ಕಾರ್ಖಾನೆಯ ಹಳೆಯ ಡೀಸೆಲ್ ಪಂಪುಗಳು ಅಲ್ಪಸ್ವಲ್ಪ ಅಪಚಾರವನ್ನು ಸಹಿಸುತ್ತಿದ್ದವು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮಕ್ಕನುಸಾರವಾದ ಎಂಜಿನ್ನುಗಳಲ್ಲಾದರೋ ಡೀಸೆಲ್ಲು 1,600 ಬಾರ್‌ನಷ್ಟು, ಕೆಲವೆಡೆ ಅದಕ್ಕೂ ಮಿಗಿಲಾದ ಒತ್ತಡದಲ್ಲಿ ಚಿಮ್ಮುವುದಲ್ಲದೆ, ಪಂಪಿನ ಭಾಗಗಳಿಗೆ ಸ್ನೇಹದ್ರವ್ಯವೂ ತಾನೇ ಆಗಿರುವುದರಿಂದ, ನೀರು ಆ ಎಣ್ಣೆಯ ಪೊರೆಯನ್ನು ಹರಿದೊಡನೆ ಲೋಹವು ಲೋಹವನ್ನು ತೇಯುತ್ತದೆ, ತುಕ್ಕೂ ಹಿಡಿಯುತ್ತದೆ. ಆದುದರಿಂದ ಸಂಶಯ ಬಂದ ಮೇಲೆ ಪದೇ ಪದೇ ಸೆಲ್ಫ್ ಹೊಡೆಯುವುದು ಹಾನಿಗೆ ಆಹ್ವಾನ. ನೀರಿನ ಸೂಚಕ ದೀಪ ಹೊತ್ತಿಲ್ಲವೆಂದ ಮಾತ್ರಕ್ಕೆ ನೀರಿಲ್ಲವೆಂದು ನಂಬಬಾರದು. ಸೆನ್ಸರ್ ಕೆಟ್ಟಿರುವುದೂ ಉಂಟು.

ಸಮತಟ್ಟಾದ ಸ್ಥಳದಲ್ಲಿ ರಾತ್ರಿಯಿಡೀ ನಿಂತ ಲಾರಿಯನ್ನು ಸ್ಟಾರ್ಟ್ ಮಾಡುವ ಮೊದಲೇ, ಬೀಡಿ ಬೆಂಕಿಗಳನ್ನು ದೂರವಿಟ್ಟು, ವಾಟರ್ ಸೆಪರೇಟರಿನ ತಳದ ತಿರುಪನ್ನು ಸಡಿಲಿಸಿ, ಒಣಗಿದ ಶುಭ್ರವಾದ ಸೀಸೆಯಲ್ಲಿ ಅರ್ಧ ಲೀಟರಿನಷ್ಟು ಹಿಡಿಯಿರಿ. ನೀರು ಡೀಸೆಲ್‌ಗಿಂತ ಭಾರವಾದುದರಿಂದ ತಳದಲ್ಲಿ ಬೇರೆಯೇ ಪದರವಾಗಿ ನಿಲ್ಲುವುದು. ಗೆರೆ ಸ್ಪಷ್ಟವಾಗದಿದ್ದರೆ ಫೌಂಟನ್ ಪೆನ್ನಿನ ಶಾಯಿಯನ್ನು ಒಂದು ತೊಟ್ಟು ಬಿಡಿ: ಡೀಸೆಲ್‌ನಲ್ಲಿ ಅದು ಕರಗದೆ ಮುಳುಗುವುದು, ನೀರನ್ನು ಮುಟ್ಟಿದೊಡನೆ ಹರಡಿ ಬಣ್ಣವೇರಿಸುವುದು. ಬರಿಯ ಮಬ್ಬು ಕಂಡರೆ ಕಾಯಬೇಕು. ಗಾಳಿಯ ಗುಳ್ಳೆಗಳಿಂದಾದ ಮಬ್ಬು ಕೆಲವೇ ನಿಮಿಷಗಳಲ್ಲಿ ತಿಳಿಯಾಗುತ್ತದೆ, ನೀರಿನದು ಅಷ್ಟು ಬೇಗ ಬಿಡುವುದಿಲ್ಲ.

ಸೀಸೆ ನಿರ್ಮಲವಾಗಿದ್ದೂ ಬಿಳಿಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಇಳಿಯುತ್ತಿದೆಯೇ ನೋಡಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ನೀರು ಕಂಡಿತೆಂದರೆ ಟ್ಯಾಂಕಿನ ತಳದ ಪ್ಲಗ್ಗನ್ನೂ ಬಿಚ್ಚಿ ನೋಡದೆ ಬಿಡಬಾರದು, ಏಕೆಂದರೆ ಸೆಪರೇಟರಿನಲ್ಲಿರುವುದು ಅಲ್ಲಿಗೆ ಬಂದಷ್ಟು ಮಾತ್ರ. ಕಪ್ಪು ಲೋಳೆ ಬಂದಲ್ಲಿ, ನೀರಿನ ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆಯೆಂದರ್ಥ. ಟ್ಯಾಂಕನ್ನು ಇಳಿಸಿ ತೊಳೆಸಬೇಕು. ಹೊಸ ಲಾರಿಗಳಲ್ಲಿ ಇನ್ನೊಂದು ಅನಾಹುತವುಂಟು: ಹೊಗೆಯ ಶುದ್ಧೀಕರಣಕ್ಕೆಂದು ಬೇರೆ ಟ್ಯಾಂಕಿಗೆ ಹಾಕಬೇಕಾದ, ಚಾಲಕರು ಯೂರಿಯಾ ಎಂದು ಕರೆಯುವ ಡಿಇಎಫ್ ದ್ರವವನ್ನು ಅಜಾಗ್ರತೆಯಿಂದ ಡೀಸೆಲ್ ಟ್ಯಾಂಕಿಗೇ ಸುರಿಯುವುದು. ಅದರಲ್ಲಿ ಶೇ. 32.5ರಷ್ಟು ಯೂರಿಯಾ, ಉಳಿದದ್ದು ನೀರು. ತಳದ ಪದರದ ನಾಲ್ಕು ಹನಿಗಳನ್ನು ಗಾಜಿನ ಮೇಲೆ ಒಣಗಿಸಿದಾಗ ಬಿಳಿಯ ಹರಳುಗಳು ಉಳಿದರೆ, ಕೀಲಿಯನ್ನೂ ತಿರುಗಿಸದೆ ಲಾರಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯತಕ್ಕದ್ದು.

ಇನ್ನು ನೀರು ಬಂದ ದಾರಿ. ಇದನ್ನು ಹುಡುಕದೆ ಫಿಲ್ಟರನ್ನಷ್ಟೇ ಬದಲಿಸುವುದು ನನ್ನ ಅಭಿಪ್ರಾಯದಲ್ಲಿ ಹಣದ ಅಪವ್ಯಯ. ಟ್ಯಾಂಕಿನ ಮುಚ್ಚಳದ ರಬ್ಬರು ಬಿರುಕು ಬಿಟ್ಟಿದೆಯೇ, ಅರ್ಧ ಖಾಲಿಯಾದ ಟ್ಯಾಂಕಿನೊಡನೆ ಲಾರಿ ದಿನಗಟ್ಟಲೆ ನಿಂತು ಒಳಗೋಡೆಯ ಮೇಲೆ ಗಾಳಿಯ ತೇವ ಹನಿಗಟ್ಟಿದೆಯೇ, ಡೀಸೆಲ್ ಪೀಪಾಯಿಯು ಬಯಲಲ್ಲಿ ಮಳೆಗೆ ನೆನೆದಿದೆಯೇ, 2022ರ ಸೆಪ್ಟೆಂಬರಿನಲ್ಲಿ ವೈಟ್‌ಫೀಲ್ಡ್, ಬೆಳ್ಳಂದೂರುಗಳ ಕಡೆ ನಿಂತಂತಹ ನೆರೆನೀರಿನಲ್ಲಿ ಲಾರಿ ಮುಳುಗಿತ್ತೇ ಎಂದು ವಿಚಾರಿಸಿರಿ. ಡೀಸೆಲ್ ತುಂಬಿಸಿದ ಬೆನ್ನಿಗೇ ತೊಂದರೆ ತೋರಿದರೆ, ಬಂಕಿನವರು ನೀರು ಪತ್ತೆಯ ಪೇಸ್ಟನ್ನು ಅಳತೆಗೋಲಿಗೆ ಸವರಿ ತಮ್ಮ ನೆಲದೊಳಗಿನ ಟ್ಯಾಂಕನ್ನು ಪರೀಕ್ಷಿಸಿ ತೋರಿಸುವಂತೆ ಕೇಳಿರಿ, ರಸೀತಿ ಕೈಯಲ್ಲಿರಲಿ.

ದೋಷ ನಿವಾರಣೆಯಾದ ಬಳಿಕ ಹೊಸ ಫಿಲ್ಟರ್ ಹಾಕಿಸಿ, ಕೈಪಂಪಿನಿಂದ ಏರ್ ತೆಗೆದು ಸ್ಟಾರ್ಟ್ ಮಾಡಬಹುದು. ಹೊರತೆಗೆದ ನೀರು ಬೆರೆತ ಡೀಸೆಲ್ಲನ್ನು ಮಾತ್ರ ದಯಮಾಡಿ ಚರಂಡಿಗೆ ಚೆಲ್ಲಬೇಡಿ. ಮುಚ್ಚಳವುಳ್ಳ ಕ್ಯಾನಿನಲ್ಲಿ ತುಂಬಿಟ್ಟು, ತ್ಯಾಜ್ಯ ಎಣ್ಣೆಯನ್ನು ಸಂಗ್ರಹಿಸಲು ಪರವಾನಗಿ ಪಡೆದವರಿಗೇ ಒಪ್ಪಿಸಿ.