ನಮ್ಮೂರಿನ ಹೆಸರು ಹೊತ್ತ ಹಲ್ಲಿ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಜೀವಶಾಸ್ತ್ರಕ್ಕೂ ನನಗೂ ಹತ್ತನೇ ತರಗತಿಗೇ ನಂಟು ಮುಗಿಯಿತು. ಆದರೂ ಈ ಸಲ ಹಲ್ಲಿಯ ಬಗ್ಗೆ ಬರೆಯುತ್ತಿದ್ದೇನೆ. ಏಕೆಂದರೆ ಒಂದು ಕಾಡುಹಲ್ಲಿಗೆ ನಮ್ಮ ಕೊಳ್ಳೇಗಾಲದ ಹೆಸರಿದೆ: ಸಿರ್ಟೊಡ್ಯಾಕ್ಟೈಲಸ್ ಕೊಲ್ಲೆಗಲೆನ್ಸಿಸ್.

ಇದನ್ನು 1870ರಲ್ಲಿ ಮೊದಲು ವರ್ಣಿಸಿದವರು ರಿಚರ್ಡ್ ಹೆನ್ರಿ ಬೆಡ್ಡೋಮ್. ಅವರು ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ. ಆಗ ಕೊಳ್ಳೇಗಾಲವೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಬಿಳಿಗಿರಿರಂಗನ ಬೆಟ್ಟದ ಬುಡದ ಒಣಕಾಡು ಈ ಹಲ್ಲಿಯ ನೆಲೆಗಳಲ್ಲಿ ಒಂದು.

ಮನೆಯ ಹಲ್ಲಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ಕಾಲ್ಬೆರಳಲ್ಲಿದೆ. ಮನೆಯ ಹಲ್ಲಿಯ ಬೆರಳಡಿ ಅಗಲವಾದ ಮೆತ್ತೆಗಳಿವೆ. ಅವುಗಳಲ್ಲಿರುವ ಅತಿಸೂಕ್ಷ್ಮ ಕೂದಲುಗಳಿಂದ ಅದು ನುಣುಪು ಗೋಡೆಯನ್ನೂ ಹಿಡಿದು ನಿಲ್ಲುತ್ತದೆ. ಕೊಳ್ಳೇಗಾಲದ ಹಲ್ಲಿಗೆ ಆ ಮೆತ್ತೆಗಳಿಲ್ಲ. ಹೆಸರಿನ ಮೊದಲ ಪದಕ್ಕೆ ಗ್ರೀಕ್‌ನಲ್ಲಿ ‘ಬಾಗಿದ ಬೆರಳು’ ಎಂದರ್ಥ. ಹಾಗಾಗಿ ಇದರ ಬದುಕು ನೆಲದ ಮೇಲೆ. ಕಂದು ಮೈ, ಅದರ ಮೇಲೆ ಕಪ್ಪು ಮಚ್ಚೆಗಳು. ತರಗೆಲೆಗಳ ನಡುವೆ ಕೂತರೆ ಕಾಣುವುದೇ ಇಲ್ಲ. ಹಗಲು ಕಲ್ಲು, ಒಣಮರ, ತರಗೆಲೆಗಳ ಅಡಿಯಲ್ಲಿ ಅಡಗಿದ್ದು, ರಾತ್ರಿ ಹುಳಹುಪ್ಪಟೆ ಹಿಡಿಯುತ್ತದೆ. ಕಣ್ಣಿಗೆ ರೆಪ್ಪೆಯಿಲ್ಲ, ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ವಿಷವಂತೂ ಇಲ್ಲ.

ಇದು ಗೊತ್ತಿಲ್ಲದೆ ನಾನೊಂದು ತಪ್ಪು ಮಾಡಿದ್ದೇನೆ. ಏಳನೇ ತರಗತಿಯಲ್ಲಿದ್ದಾಗ, ಬೆಟ್ಟದ ಕಡೆಯ ಹಳ್ಳಿಯಲ್ಲಿರುವ ನಾನಿಯ ಮನೆಗೆ ರಜೆಗೆ ಹೋಗಿದ್ದೆ. ಹಿತ್ತಲಿನ ತರಗೆಲೆ ಗುಡಿಸಿ ಬೆಂಕಿ ಹಚ್ಚುವುದು ನನ್ನ ಕೆಲಸ. ಒಂದು ಸಂಜೆ ಹೊಗೆಯೊಳಗಿಂದ ಒಂದು ಪುಟ್ಟ ಹಲ್ಲಿ ಹೊರಗೆ ಓಡಿಬಂತು. “ಛಿಪ್ಕಲಿ! ವಿಷದ್ದು, ಹೊಡಿ” ಎಂದರು ಭಾಯಿಜಾನ್. ಪೊರಕೆಯಿಂದ ಹೊಡೆದುಬಿಟ್ಟೆ. ಅದು ಯಾವ ಹಲ್ಲಿ ಎಂದು ಬಗ್ಗಿಯೂ ನೋಡಲಿಲ್ಲ. ಪ್ರಾಣ ಉಳಿಸಿಕೊಳ್ಳಲು ಬಂದದ್ದನ್ನು ಕೊಂದೆ ಎಂಬುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಲೆಕ್ಕಶಾಸ್ತ್ರದಲ್ಲಿ ಯಾವುದು ಆಸ್ತಿ, ಯಾವುದು ಖರ್ಚು ಎಂದು ಮೊದಲು ಕಲಿಸುತ್ತಾರೆ. ತರಗೆಲೆಯನ್ನು ನಾವು ಕಸದ ಖಾತೆಗೆ ಬರೆದಿದ್ದೇವೆ. ನೆಲದ ಹಲ್ಲಿಗೆ ಅದು ಮನೆಯೂ ಹೌದು, ಊಟ ಸಿಗುವ ಜಾಗವೂ ಹೌದು. ಬೇಸಿಗೆಯಲ್ಲಿ ನಾವು ಹಚ್ಚುವ ಒಂದು ಕಡ್ಡಿ ಎರಡನ್ನೂ ಸುಡುತ್ತದೆ.

ಈ ವರ್ಷ ನಾನಿಯ ಹಿತ್ತಲಲ್ಲಿ ಗುಂಡಿ ತೋಡಿ ಎಲೆ ತುಂಬಿಸಿದೆ. “ಹಾವು ಬರುತ್ತೆ” ಎಂದು ಮೊದಲು ಬೈದರು. ಈಗ ಅದೇ ಗೊಬ್ಬರ ಅವರ ನುಗ್ಗೆಗಿಡದ ಬುಡ ಸೇರಿದೆ. ಗೆಳೆಯರೇ, ನಮ್ಮ ಕಾಲೇಜಿನ ಅಂಗಳದಲ್ಲೂ ಅಂಥದ್ದೊಂದು ಗುಂಡಿ ತೋಡೋಣವೇ?